ಜರಡಿಯ ಹೆಸರು, ಬೋಗುಣಿಯ ಒಡಲು

ವಾದ್ಯಗಳ ಸಂಗ್ರಹಾಲಯದಲ್ಲಿ ಫಲಕ ಬರೆಯುವ ಹುಡುಗಿಯ ಪರೀಕ್ಷಾವಧಿ ಅಂದಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ ಕೆಲಸ ಖಾಯಂ ಆಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕೊನೆಯ ಫಲಕ ಟಿಂಪನಿಯದ್ದು. ವಾದ್ಯವೃಂದದ ಹಿಂದುಗಡೆ ಕೂರುವ ಆ ಚರ್ಮ ಬಿಗಿದ ತಾಮ್ರದ ಬೋಗುಣಿಗಳ ಬಗ್ಗೆ ಆಕೆ, 'ಪ್ರಾಚೀನ ಗ್ರೀಕರು ಬಾರಿಸುತ್ತಿದ್ದುದೂ ಇವನ್ನೇ' ಎಂದು ಬರೆದಿದ್ದಳು. ಮೇಲಧಿಕಾರಿ ಮೆಚ್ಚಿ ಸಹಿ ಹಾಕಿದ್ದರು. ಹಿತ್ತಾಳೆ ತಗಡಿನಲ್ಲಿ ಅಕ್ಷರ ಕೊರೆದೂ ಆಗಿತ್ತು.

ಮಧ್ಯಾಹ್ನ ರಿಪೇರಿ ಕೋಣೆಯಲ್ಲಿ, ಅಲ್ಲೇ ವಾದ್ಯ ಸರಿಪಡಿಸುವ ಕೆಲಸದಲ್ಲಿದ್ದ ಅವಳ ಸೋದರತ್ತೆ ಬೋಗುಣಿಗೆ ಒದ್ದೆ ಚರ್ಮ ಎಳೆಯುತ್ತಾ ಕೇಳಿದಳು: "ಗ್ರೀಕರ ಕಾಲದಲ್ಲಿ ಇಷ್ಟು ದೊಡ್ಡ ತಾಮ್ರ ಯಾರೇ ಬಡಿದ್ರು? ಆಗಿನ ಚಿತ್ರ ನೋಡಿದ್ಯಾ?"

ನೋಡಿರಲಿಲ್ಲ. ತಲೆಯಲ್ಲಿ ಹುಳ ಹೊಕ್ಕಿತು. ಊಟ ಬಿಟ್ಟು ಗ್ರಂಥಾಲಯದ ದಪ್ಪ ನಿಘಂಟು ತೆರೆದಳು. ಹೆಸರೇನೋ ಗ್ರೀಕರ 'ಟಿಂಪನಾನ್'ನಿಂದಲೇ ಬಂದದ್ದು. ಅದರ ಬೇರು 'ಹೊಡೆ'. ಪಕ್ಕದ ಚಿತ್ರದಲ್ಲಿ ಹೆಂಗಸೊಬ್ಬಳು ಜರಡಿಯಂಥ ಚಪ್ಪಟೆ ವಾದ್ಯವನ್ನು ಕೈಯಲ್ಲಿ ಬಡಿಯುತ್ತಿದ್ದಳು. ಬೋಗುಣಿಯ ಸುಳಿವೇ ಇಲ್ಲ. ಬೋಗುಣಿ ಬಂದದ್ದು ಎಷ್ಟೋ ಶತಮಾನಗಳ ಮೇಲೆ, ಅರಬರ 'ನಕ್ಕಾರ'ದ ವಂಶದಿಂದ. ನಗಾರಿ ಎಂಬ ಮಾತಿಗೂ ಅದೇ ಮೂಲ. ಅದರ ಬೇರು ಹುಡುಕಿದರೆ ಅಲ್ಲೂ 'ಹೊಡೆ'. ಸಂಬಂಧವೇ ಇಲ್ಲದ ಎರಡು ಭಾಷೆಗಳ ಜನ ಒಂದೇ ರೀತಿ ಹೆಸರಿಟ್ಟದ್ದಕ್ಕೆ ಅವಳಿಗೆ ನಗು ಬಂತು. ಆಮೇಲೆ ತಗಡು ನೆನಪಾಗಿ, ರಿಪೇರಿ ಕೋಣೆಗೆ ಓಡಿ ಅತ್ತೆಗೆ ಎಲ್ಲ ಹೇಳಿದಳು.

"ಸುಮ್ನಿರು. ಖಾಯಂ ಆದ್ಮೇಲೆ ಹೇಳು," ಎಂದಳು ಅತ್ತೆ.

"ನೀನು ಹರಿದ ಚರ್ಮ ಮುಚ್ಚಿಟ್ಟು ಕಳಿಸ್ತೀಯಾ ಅತ್ತೆ?"

"ನನ್ ಮಾತು ಬಿಡು. ನಾನು ನಿನ್ನಷ್ಟು ಓದಿಲ್ಲ."

ಹುಡುಗಿ ಹೋಗಿ ಹೇಳಿದಳು. ಮೇಲಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಪ್ಪಿಗೆ ಅವರದ್ದೂ ಸಹಿ ಇತ್ತು.

"ಯಾರೂ ಕೇಳ್ತಿರ್ಲಿಲ್ಲಮ್ಮ."

"ನಾನೇ ಕೇಳ್ಬಿಟ್ನಲ್ಲ ಸಾರ್."

ಅವರು ಕೂಗಾಡಲಿಲ್ಲ. ಪರೀಕ್ಷಾವಧಿಯನ್ನು ಇನ್ನೂ ಮೂರು ತಿಂಗಳು ಎಳೆದರು. ಹೊಸ ತಗಡು ಬರುವವರೆಗೆ ರಟ್ಟಿನ ಮೇಲೆ ಕೈಯಲ್ಲೇ ಬರೆದಿಡಲು ಹೇಳಿದರು. ಅವಳು ಬರೆದಳು: 'ಹೆಸರು ಒಂದು ವಾದ್ಯದ್ದು, ಒಡಲು ಇನ್ನೊಂದರದ್ದು.'

ಅತ್ತೆ ರಟ್ಟನ್ನು ಎರಡು ಸಲ ಓದಿದಳು. "ಮೂರು ತಿಂಗಳು ಈ ಒಂದು ಸಾಲಿಗೆ," ಎಂದು ಗೊಣಗಿ, ರಟ್ಟು ವಾಪಸು ಕೊಡುತ್ತಾ ಕೇಳಿದಳು: "ಅಲ್ವೇ, ಆ ಜರಡಿಗೆ ಅವ್ರು ಯಾವ ಚರ್ಮ ಹಾಕ್ತಿದ್ರಂತೆ?"

ನಿಘಂಟು ಅದನ್ನು ಹೇಳಿರಲಿಲ್ಲ. ಗ್ರಂಥಾಲಯ ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು.