ನೀಲಿ ಕ್ಯಾನಿನ ಜಾಗ

ಸಿದ್ದಾಪುರದ ಆ ರೇಷನ್ ಅಂಗಡಿಯ ಮುಂದೆ ಮನುಷ್ಯರ ಬದಲು ಕ್ಯಾನುಗಳು ಸಾಲು ನಿಲ್ಲುತ್ತಿದ್ದವು. ಸೀಮೆಎಣ್ಣೆ ಬರುವುದು ತಿಂಗಳಿಗೊಂದೇ ಸಲ. ಬಂದವರು ಕೊನೆಯ ಕ್ಯಾನಿನ ಹಿಂದೆ ತಮ್ಮದನ್ನಿಟ್ಟು ಪೇಟೆಗೋ ಆಸ್ಪತ್ರೆಗೋ ಹೋಗಿಬರುತ್ತಿದ್ದರು. ಕ್ಯಾನು ಇದ್ದರೆ ಆಳು ಇದ್ದಂತೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ತೊಂಬತ್ತಾರರ ಒಂದು ಸೋಮವಾರ ರಾಜೀವಿ ಬಂದಾಗ ಸಾಲಿನ ಕೊನೆಯಲ್ಲಿ ನೀಲಿ ಕ್ಯಾನೊಂದಿತ್ತು. ಆಳು ಕಾಣಲಿಲ್ಲ. ರಾಜೀವಿ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ತನ್ನ ಕ್ಯಾನನ್ನು ಆ ಜಾಗದಲ್ಲಿಟ್ಟಳು.

ಮುಂದೆ ನಿಂತಿದ್ದ ಗ್ಯಾರೇಜಿನ ಉಲ್ಲಾಸ ತಿರುಗಿ ನೋಡಿ ನಕ್ಕ. "ಇರ್ಲಿ ಬಿಡಿ ಅಕ್ಕಾ. ನಾನೂ ಎರಡು ದಾಟಿಸ್ಕಂಡೇ ಬಂದಿದ್ದು."

ರಾಜೀವಿಯೂ ನಕ್ಕಳು. ಅವಳ ಮನೆಯಲ್ಲಿ ಗ್ಯಾಸಿತ್ತು. ಸೀಮೆಎಣ್ಣೆ ಬೇಕಾಗುತ್ತಿದ್ದುದು ಬಚ್ಚಲೊಲೆಗೆ ಬೆಂಕಿ ಹಿಡಿಸಲು ಮಾತ್ರ. ಒಂದು ತಿಂಗಳು ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಕಾರ್ಡಿಗೆ ಬರುವ ಎಣ್ಣೆಯನ್ನು ಯಾರು ಬಿಡುತ್ತಾರೆ?

ಅಂಗಡಿಯ ಹೊನ್ನ ಅಳೆದು ಹಾಕುತ್ತ ಬಂದ. ರಾಜೀವಿಯ ಕ್ಯಾನು ತುಂಬಿಸಲು ಡ್ರಮ್ಮನ್ನು ಪೂರ್ತಿ ಓರೆ ಮಾಡಬೇಕಾಯಿತು. "ಮುಗೀತು. ಇನ್ನು ಮುಂದಿನ ತಿಂಗಳು," ಎಂದು ಅವನು ಕೈ ಒರೆಸಿಕೊಂಡ.

ಅದೇ ಹೊತ್ತಿಗೆ ಮುದುಕಿಯೊಬ್ಬಳು ಔಷಧಿ ಬಾಟಲಿ ಹಿಡಿದು ಏದುಸಿರು ಬಿಡುತ್ತ ಬಂದಳು. "ಮುಗೀತಾ? ನನ್ ನೀಲಿ ಕ್ಯಾನು ಈ ತಮ್ಮನ ಹಿಂದೇ ಇತ್ತಲ್ರಾ!"

"ಕ್ಯಾನಿಗೆ ಕಾಲು ಬಂತಾ ಅಜ್ಜಿ?" ಎಂದ ಉಲ್ಲಾಸ. "ನೀವು ಇಲ್ಲೇ ನಿಲ್ಬೇಕಿತ್ತು."

"ಸೊಸೆಗೆ ಔಷಧಿ ತರೂಕೆ ಹೋಗಿದ್ದೆ. ಕೂಸಿಗೆ ಇವತ್ತಿಗೆ ಐದು ದಿನ. ಮನೇಲಿ ಕರೆಂಟಿಲ್ಲ. ಬಾಣಂತಿ ಕೋಣೇಲಿ ದೀಪ ಆರ್ಸೂಕಾಗ್ತದಾ?"

"ನಾ ಎಂತ ಮಾಡ್ಲಿ ದ್ಯಾವಮ್ಮಾ?" ಎಂದ ಹೊನ್ನ. "ಕ್ಯಾನು ಮುಂದೆ ಬಂದ ಹಾಗೆ ಹಾಕ್ತೀನಿ. ಕಾಯ್ಕಂಡು ಕೂರೂದು ನನ್ ಕೆಲಸ ಅಲ್ಲ."

ದ್ಯಾವಮ್ಮ ರಾಜೀವಿಯ ಕಡೆ ತಿರುಗಿದಳು. "ಅಮ್ಮಾ, ನೀವು ಇಲ್ಲೇ ಇದ್ರಲ್ಲ. ಯಾರಾದ್ರೂ ಸರ್ಸಿದ್ದು ನೋಡಿದ್ರಾ?"

"ಇಲ್ಲ."

ಮಾತು ಸಲೀಸಾಗಿ ಬಂತು. ಮಧ್ಯಾಹ್ನಕ್ಕೆ ಸಾರೊಂದೇ ಸಾಕು ಎಂದುಕೊಳ್ಳುತ್ತ ರಾಜೀವಿ ಕ್ಯಾನು ಎತ್ತಿಕೊಂಡು ಹೊರಟಳು. ಹಿಂದಿನಿಂದ ದ್ಯಾವಮ್ಮನ ದನಿ ಕೇಳಿಸಿತು.

"ಹಾಂಗಾರೆ ನಾನೇ ಹಿಂದೆ ಇಟ್ಟಿದ್ನೇನ. ಆ ಅಮ್ಮ ಯಾಕೆ ಸುಳ್ಳು ಹೇಳ್ತಾರೆ? ಐದು ರಾತ್ರಿಯಿಂದ ನಿದ್ದೆಯಿಲ್ಲ, ನನ್ ತಲೆಯೇ ನೆಟ್ಟಗಿಲ್ಲ."

ರಾಜೀವಿ ನಿಂತಳು. ಕನಿಕರವೇನೂ ಹುಟ್ಟಲಿಲ್ಲ. ಜಾಗ ಕಸಿದದ್ದು ಒಂದಾಯಿತು. ಈಗ ಆ ಮುದುಕಿ ತನ್ನ ತಲೆಯನ್ನೇ ನಂಬದ ಹಾಗೆ ಮಾಡಿದ್ದೂ ತಾನೇ ಎಂಬುದಷ್ಟೇ ಅವಳಿಗೆ ಸ್ಪಷ್ಟವಾಗಿ ಕಂಡಿತು. ವಾಪಸು ಬಂದಳು.

"ನೀವು ಸರಿಯಾಗೇ ಇಟ್ಟಿದ್ರಿ. ಸರಿಸಿದ್ದು ನಾನು."

ಉಲ್ಲಾಸನ ಮುಖ ಗಂಟಿಕ್ಕಿತು. "ಎಲ್ಲ ಮುಗದ ಮೇಲೆ ಈಗ ಎಂತಕ್ಕೆ ಅಕ್ಕಾ ಇದು? ನಮ್ಮ ಮರ್ಯಾದೀನೂ ತೆಗೀತೀರಲ್ಲ." ಅವನು ತನ್ನ ಕ್ಯಾನನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಹೊರಟುಹೋದ.

ದ್ಯಾವಮ್ಮ ರಾಜೀವಿಯನ್ನು ಮೇಲಿಂದ ಕೆಳಗೆ ನೋಡಿದಳು. "ನೋಡೂಕೆ ದೊಡ್ಡ ಮನೆಯೋರ ಹಾಂಗೆ ಕಾಣ್ತೀರಿ," ಎಂದಳು. ಬೇರೇನೂ ಬೈಯಲಿಲ್ಲ. ಮುಚ್ಚಳ ತೆಗೆದು ಕ್ಯಾನು ಹಿಡಿದಳು.

ರಾಜೀವಿ ಸುರಿದಳು. ಸಾಕೇ ಎಂದು ಇವಳು ಕೇಳಲಿಲ್ಲ, ಸಾಕು ಎಂದು ಅವಳೂ ಹೇಳಲಿಲ್ಲ. ಕೊನೆಯ ಹನಿ ಬಿದ್ದ ಮೇಲೆ ದ್ಯಾವಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ರಾಜೀವಿ ತೆಗೆದುಕೊಂಡಳು. ಅದು ದಾನವೇನೂ ಆಗಿರಲಿಲ್ಲ.

ಊಟಕ್ಕೆ ಬಂದ ಗಂಡ ನಾಗಪತಿ ಖಾಲಿ ಕ್ಯಾನು ನೋಡಿ, "ಎಣ್ಣೆ ಸಿಕ್ಕಿದ್ದಿಲ್ಯ?" ಎಂದು ಕೇಳಿದ.

"ಸಿಕ್ಕಿದ್ದಿಲ್ಲೆ," ಎಂದು ರಾಜೀವಿ ಅನ್ನ ಬಡಿಸಿದಳು. "ಯನ್ನ ಪಾಳಿ ಬಪ್ಪದ್ರೊಳಗೆ ಮುಗದೋತು."