ನೋಡಲು ಬಂದವಳು

“ಏಪ್ರನ್ ಕಟ್ಕೋಬೇಡ ರುವಿ,” ಎಂದಳು ಗ್ಲೆನಿಸ್. “ಮೊದಲು ಆಫೀಸಿಗೆ ಬಾ.”

ರುವಿಂಬೊಳ ಕೈ ಬೆನ್ನ ಹಿಂದಿನ ಗಂಟಿನಲ್ಲೇ ನಿಂತಿತು. ತನ್ನೂರು ಹರಾರೆಯಿಂದ ಕಡಲಾಚೆಯ ವಿಟ್ಬಿಗೆ ಬಂದು ಈ ವೃದ್ಧಾಶ್ರಮದ ಕೆಲಸಕ್ಕೆ ಸೇರಿದ ಮೇಲೆ ಒಡತಿ ಗ್ಲೆನಿಸ್ ಅವಳನ್ನು ಆಫೀಸಿಗೆ ಕರೆದದ್ದೇ ಅಪರೂಪ.

ಹೊರದೇಶದವರನ್ನು ಕೆಲಸಕ್ಕಿಟ್ಟುಕೊಳ್ಳಲು ಆಶ್ರಮಕ್ಕಿದ್ದ ಲೈಸೆನ್ಸ್ ರದ್ದಾಗಿತ್ತು. ಕೆಲಸದವರ ಪಾಳಿ ಬದಲಾದದ್ದನ್ನು ಗ್ಲೆನಿಸ್ ಸರ್ಕಾರಕ್ಕೆ ಹೊತ್ತಿಗೆ ಸರಿಯಾಗಿ ತಿಳಿಸಿರಲಿಲ್ಲ.

“ಅಂದ್ರೆ ನನ್ನ ತೆಗೆದುಹಾಕಿದ್ರಾ?”

“ನಾನ್ಯಾಕೆ ತೆಗೀಲಿ? ಸರ್ಕಾರದೋರು ಹೊರಗಿಂದ ಹೊಸಬರನ್ನ ಕರೆಸೋದನ್ನೂ ನಿಲ್ಲಿಸಿಬಿಟ್ಟಿದಾರೆ, ನಿನ್ನಂಥವಳು ಇನ್ನೆಲ್ಲಿ ಸಿಗ್ತಾಳೆ? ಆದ್ರೆ ಇವತ್ತಿಂದ ನೀನಿಲ್ಲಿ ದುಡಿದ್ರೆ ತಪ್ಪು. ದುಡಿಸ್ಕೊಂಡ್ರೆ ನಂದೂ ತಪ್ಪು.”

“ಊರಿಗೆ ಹೋಗ್ಬೇಕಾ ಹಾಗಾದ್ರೆ?”

“ಈಗಲೇ ಅಲ್ಲ. ನಿಂಗೆ ಸರ್ಕಾರದಿಂದ ಬೇರೆ ಪತ್ರ ಬರತ್ತಂತೆ. ಬಂದ ಮೇಲೆ ಒಂದಿಷ್ಟು ದಿನ ಕೊಡ್ತಾರೆ. ಅಷ್ಟರೊಳಗೆ ಲೈಸೆನ್ಸ್ ಇರೋರು ಯಾರಾದ್ರೂ ನಿನ್ನ ತಗೋಬೇಕು.”

“ಪತ್ರ ಬರೋ ತನಕ?”

“ಇರ್ಬಹುದು.” ಗ್ಲೆನಿಸ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. “ಇರೋದು ಅಂದ್ರೆ ಏನು ಅಂತ ಮಾತ್ರ ಕೇಳ್ಬೇಡ.”

ಊಟದ ಕೋಣೆಯಲ್ಲಿ ತಟ್ಟೆ ಸರಿದ ಸದ್ದಾಯಿತು. ವಿಲ್ಫ್ರೆಡ್ ಇರಬೇಕು. ಒಂದು ಕಾಲಕ್ಕೆ ಕಡಲಿಗಿಳಿದು ಮೀನು ಹಿಡಿದವನು. ಈಗ ಸ್ವಂತ ಮಗಳ ಹೆಸರೂ ನೆನಪಿಲ್ಲ. ರುವಿಂಬೊ ತಿನ್ನಿಸದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಅವಳು ಜ್ವರದಿಂದ ಮಲಗಿದ್ದ ವಾರ ಅವನ ಕೆನ್ನೆ ಗುಳಿಬಿದ್ದಿತ್ತು.

“ನೋಡೋಕೆ ಬಂದವಳ ಹಾಗೆ ಕೂತ್ಕೋಬಹುದಾ?”

“ನೋಡೋಕೆ ಯಾರು ಬೇಕಾದ್ರೂ ಬರ್ಬಹುದು.”

“ತಿನ್ನಿಸಿದ್ರೆ?”

ಗ್ಲೆನಿಸ್ ವಕೀಲನಿಗೆ ಫೋನು ಮಾಡಿ ಸ್ಪೀಕರ್ ಒತ್ತಿ, ರುವಿಂಬೊ ವಿಲ್ಫ್ರೆಡ್‌ಗೆ ತಿನ್ನಿಸಬಹುದೇ ಎಂದು ಕೇಳಿದಳು.

“ಅವರ ಮಗಳಾ?” ಅವನು ಕೇಳಿದ.

“ಅಲ್ಲ.”

“ಹಿಂದೆ ಅದೇ ಕೆಲಸಕ್ಕೆ ಸಂಬಳ ಕೊಡ್ತಿದ್ರಾ?”

“ಮತ್ತೆ ಕೊಡದೇ ಇರ್ತೀನಾ?”

“ಹಾಗಾದ್ರೆ ಬೇಡ. ಬಿಟ್ಟಿ ಮಾಡಿದ್ರೂ ಅದನ್ನ ಕೆಲಸ ಅಂತಾರೆ.”

“ಕೈ ಹಿಡ್ಕೊಂಡು ಕೂತ್ರೆ?” ರುವಿಂಬೊ ನಡುವೆ ಬಾಯಿ ಹಾಕಿದಳು.

“ಅದನ್ನ ನಮ್ಮ ಹಿರಿಯ ವಕೀಲರನ್ನ ಕೇಳಿ ಹೇಳ್ತೀನಿ,” ಎಂದ ಅವನು.

ಅವನ ಫೋನು ಬರುವ ತನಕ ಕಾಯಲು ಗಂಜಿಗೆ ಪುರುಸೊತ್ತಿರಲಿಲ್ಲ. ಊಟದ ಕೋಣೆಗೆ ಹೋಗಿ ಗ್ಲೆನಿಸ್ ತಾನೇ ಚಮಚ ಹಿಡಿದಳು. ವಿಲ್ಫ್ರೆಡ್ ತುಟಿ ಬಿಗಿದು ಗೋಡೆಯ ಕಡೆ ತಿರುಗಿದ. ಎದುರಿನ ಕುರ್ಚಿಯಲ್ಲಿ ರುವಿಂಬೊ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು, ಅವು ಎಲ್ಲಿ ಎದ್ದುಬಿಡುತ್ತವೋ ಎಂಬಂತೆ.

“ರಜಾನಾ ಪುಟ್ಟಿ ಇವತ್ತು?” ವಿಲ್ಫ್ರೆಡ್ ಅವಳನ್ನು ಕೇಳಿದ.

“ಹೂಂ” ಎಂದಳು ರುವಿಂಬೊ. ಆಮೇಲೆ ಯೋಚಿಸದೆ ಬಾಯಿ ಅಗಲಿಸಿ “ಆ” ಎಂದಳು. ಅವನೂ ಹಾಗೆಯೇ ಬಾಯಿ ತೆರೆದ. ಗ್ಲೆನಿಸ್ ಚಮಚ ಒಳಗಿಟ್ಟಳು. ಇನ್ನೊಮ್ಮೆ “ಆ.” ಇನ್ನೊಂದು ಚಮಚ. ಇದು ಕೆಲಸವೋ ಅಲ್ಲವೋ ಎಂದು ಇಬ್ಬರು ಹೆಂಗಸರೂ ಕೇಳಿಕೊಳ್ಳಲಿಲ್ಲ.

ಬಟ್ಟಲು ಅರ್ಧವಾದಾಗ ವಿಲ್ಫ್ರೆಡ್ ಗ್ಲೆನಿಸಳ ಕೈಯಿಂದ ಚಮಚ ಕಿತ್ತುಕೊಂಡ. ಗಂಜಿ ತುಂಬಿಕೊಂಡು, ಮೇಜಿನುದ್ದಕ್ಕೂ ತುಳುಕಿಸುತ್ತ, ಇನ್ನೂ ತೆರೆದೇ ಇದ್ದ ರುವಿಂಬೊಳ ಬಾಯಿಯ ತನಕ ತಂದ.

ಅವಳು ಗ್ಲೆನಿಸಳ ಮುಖ ನೋಡಿದಳು. ಗ್ಲೆನಿಸ್ ಕಿಟಕಿಯ ಕಡೆ ತಿರುಗಿಕೊಂಡಳು. ಚಮಚ ತುಟಿಯ ಮುಂದೆ ಕಾಯುತ್ತಿತ್ತು.