ಅಗಲ ಕಣ್ಣಿನ ಬಲೆ

ಹುಲಗೇಶ ಗೂಟದಿಂದ ಬಲೆ ಇಳಿಸಿ ಕೊಡವಿದ. ಎರಡು ವರ್ಷದ ದೂಳು ಎದ್ದಿತು. ಅಂಗಳದಲ್ಲಿ ಮಲಗಿಸಿದ್ದ ಗಂಡ ಭರಮಪ್ಪನ ಶವದ ಮುಖಕ್ಕೆ ಮಂಜವ್ವ ಸೆರಗು ಅಡ್ಡ ಹಿಡಿದಳು.

"ಹೋಗು, ಒಂದ ಸಲ ಬೀಸ್ಕೊಂಡ ಬಾ. ಹೊತ್ತ ಏರಾಕತ್ತೈತಿ," ಎಂದಳು ಮಗನಿಗೆ.

ಹಾನಗಲ್ಲ ಸೀಮೆಯ ಆ ಊರಿನ ಅಂಬಿಗರು ಸತ್ತವನ ಬಲೆಯನ್ನು ಕೊನೆಯ ಸಲ ಕೆರೆಯಲ್ಲಿ ಬೀಸಿ, ಹಸಿಯಾಗಿಯೇ ಅವನಿಗೆ ಹೊದಿಸಿ ಮಣ್ಣು ಮಾಡುತ್ತಾರೆ. ಒಣ ಬಲೆ ಸೋಮಾರಿಯ ಪಾಲು. ಭರಮಪ್ಪನಂಥ ದುಡಿಮೆಗಾರನಿಗೆ ಅದು ಸಲ್ಲದು.

ಹುಲಗೇಶ ಕದಲಲಿಲ್ಲ. ಮೀನುಗಾರರ ಸಂಘ ಟೆಂಡರಿನಲ್ಲಿ ಕೈಚೆಲ್ಲಿದ ಮೇಲೆ ಕೆರೆ ಹೊರಗಿನ ಗುತ್ತಿಗೆದಾರನ ಪಾಲಾಗಿತ್ತು. ಅವನು ಏರಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಎಲ್ಲೇ ಇದ್ದರೂ ಮೊಬೈಲಿನಲ್ಲಿ ನೋಡುತ್ತಿದ್ದ. ಊರವರ ಬಲೆ ನೀರಿಗೆ ಬಿದ್ದರೆ ಕಾವಲುಗಾರನ ಕೆಲಸ ಹೋದಂತೆ. ಆ ಕಾವಲುಗಾರ ಹುಲಗೇಶನೇ.

*

ಎರಡು ವರ್ಷದ ಹಿಂದೆ ಹುಲಗೇಶ ಕೆಲಸಕ್ಕೆ ಸೇರಿದ ಮೊದಲ ವಾರವೇ ಅಪ್ಪ ಎಂದಿನಂತೆ ಬಲೆ ಹೆಗಲಿಗೇರಿಸಿ ಬಂದಿದ್ದ. ಅವನ ಬಲೆಯ ಕಣ್ಣು ಅಗಲ. ಅದರಲ್ಲಿ ಎಮ್ಮೆಕರುವೂ ಪಾರಾದೀತು ಎಂದು ಊರವರು ನಗುತ್ತಿದ್ದರು. ಮರಿ ಹೋಗಲಿ, ಬೆಳೆದು ಬರುತ್ತವೆ, ಕೆರೆ ಎಲ್ಲಿಗೆ ಓಡಿಹೋಗುತ್ತದೆ ಎನ್ನುತ್ತಿದ್ದ ಅವನು.

"ಅಪ್ಪಾ, ಬಲಿ ಹಾಕಬ್ಯಾಡ."

"ನನಗೂ ಹೇಳಾಕತ್ತೀ?"

"ಎಲ್ಲಾರಿಗೂ ಹೇಳಾಕತ್ತೇನಿ."

ಭರಮಪ್ಪ ಬಲೆ ಮಡಚಿದ. ಆಮೇಲೆ ಅವನು ಏರಿ ಹತ್ತಲೇ ಇಲ್ಲ. ಬಂಕಾಪುರದಿಂದ ಮಗ ತಂದ ಐಸಿನ ಮೀನನ್ನೂ ಮುಟ್ಟಲಿಲ್ಲ.

*

ಕೊಡದಲ್ಲಿ ನೀರು ತಂದು ಬಲೆಗೆ ಸುರಿದರಾಯಿತು, ಕೊಡಕ್ಕೆ ಯಾರ ತಕರಾರೂ ಇರಲಾರದು ಎಂದು ಹಿರಿಯ ಉಳಿವೆಪ್ಪ ದಾರಿ ಹುಡುಕಿದ. ಮಂಜವ್ವ ಮಗನ ಮುಖ ನೋಡಿದಳು. ಆ ನೋಟಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಹುಲಗೇಶನಿಗೆ.

ಅವನು ಕೆರೆಯಲ್ಲಿ ಕೊಡ ಮುಳುಗಿಸಿದ್ದೇ ತಡ, ಫೋನು ಬಂತು. ಕೈಯಲ್ಲಿ ಏನದು ಎಂದು ಗುತ್ತಿಗೆದಾರ ಕೇಳಿದ.

"ನೀರು ಸಾಹೇಬ್ರ. ಬರೇ ನೀರು."

ಅಪ್ಪ ಸತ್ತ ಸುದ್ದಿ ಹೇಳದೆಯೇ ಫೋನು ಇಟ್ಟ. ಕೊಡ ಬಿಸಾಕಿ ಮನೆಗೋಡಿ ಬಲೆ ತರಬೇಕು ಅನ್ನಿಸಿತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ನೆನಪಾದರು. ನಾಚಿಕೆಯಿಂದ ತಲೆ ತಗ್ಗಿಸಿಯೇ ನಡೆದ.

ಕುಣಿಯಲ್ಲಿ ಭರಮಪ್ಪನಿಗೆ ಒಣ ಬಲೆ ಹೊದಿಸಿದರು. ಹುಲಗೇಶ ಕೊಡ ಬಗ್ಗಿಸಿದ. ನೀರಿನ ಜತೆ ಉಗುರಿನಷ್ಟು ಮರಿಗಳೂ ಬಿದ್ದವು. ಗುತ್ತಿಗೆದಾರ ಮೊನ್ನೆಯಷ್ಟೇ ಕೆರೆಗೆ ಬಿಡಿಸಿದ್ದವು. ಅಗಲ ಕಣ್ಣುಗಳಿಂದ ಒಂದೊಂದೇ ಪಾರಾಗಿ ಅಪ್ಪನ ಎದೆಯ ಬಿಳಿ ಬಟ್ಟೆಯ ಮೇಲೆ ಮಿಡುಕಾಡಿದವು.

ಮಣ್ಣು ಹಾಕು ಎಂದು ಉಳಿವೆಪ್ಪ ಎರಡು ಸಲ ಹೇಳಬೇಕಾಯಿತು. ಮೊದಲ ಹಿಡಿ ಬಿದ್ದಾಗಲೂ ಒಂದು ಮರಿ ಬಾಯಿ ತೆರೆದು ಮುಚ್ಚುತ್ತಿತ್ತು.